ಸೀತಾಳೆ ದಂಡೆ ಬೆಳೆಸೋದು ಹೇಗೆ: ಗಿಡ ತರೋದ್ರಿಂದ ಹಿಡಿದು ಹೂ ಬಿಡೋವರೆಗೆ ಪೂರ್ತಿ ವಿವರ

ನನ್ನ ಮೊದಲ ಸೀತಾಳೆ ಗಿಡ (ಮಲೆನಾಡಿನ ಒಂದು ಆರ್ಕಿಡ್) ಸತ್ತಿದ್ದು ಕುಂಡದಲ್ಲಿ. ಊರಿಂದ ಬೆಂಗಳೂರಿಗೆ ಹೊರಟಾಗ ಅತ್ತೆ ಒಂದು ಗಿಡನ ಪೇಪರಲ್ಲಿ ಸುತ್ತಿ ಕೊಟ್ಟಿದ್ರು, ಅವರ ತೋಟದ ಮಾವಿನ ಕೊಂಬೆ ಗಾಳಿಗೆ ಮುರಿದು ಬಿದ್ದಾಗ ಅದರ ಜೊತೆ ನೆಲಕ್ಕೆ ಬಂದಿದ್ದು, ನಾನು ದಾಸವಾಳಕ್ಕೆ ಮಾಡೋ ಹಾಗೇ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಎಲ್ಲ ಕಲಸಿ ಬೇರೆಲ್ಲ ಮುಚ್ಚೋ ಹಾಗೆ ನೆಟ್ಟು ಬೆಳಿಗ್ಗೆ ಸಂಜೆ ನೀರು ಹಾಕಿದೆ. ತಿಂಗಳೊಳಗೆ ಬುಡ ಕಪ್ಪಾಯ್ತು, ಎಲೆ ಎಳೆದ್ರೆ ಕೈಗೇ ಬಂತು. ಫೋನಲ್ಲಿ ಹೇಳಿದ್ರೆ ಅತ್ತೆ "ಅಯ್ಯೋ ಮಾರಾಯ್ತಿ, ಮರದ ಮೇಲೆ ಇರೋದನ್ನ ತಗೊಂಡು ಹೋಗಿ ಮಣ್ಣಲ್ಲಿ ಹೂತಿಟ್ಯಾ" ಅಂತ ನಕ್ಕಿದ್ದೇ ನಕ್ಕಿದ್ದು.

ಅದಾಗಿ ಒಂಬತ್ತು ವರ್ಷ ಆಯ್ತು. ಈಗ ಬೆಂಗಳೂರಿನ ಎರಡನೇ ಮಹಡಿ ಬಾಲ್ಕನಿಯಲ್ಲಿ ಐದು ಗಿಡ ಇದೆ, ತೀರ್ಥಹಳ್ಳಿ ಹತ್ರ ನಮ್ಮ ಮನೆ ಹಿಂದಿನ ಹಲಸಿನ ಮರದ ಮೇಲೆ ಹನ್ನೊಂದು. ಎರಡು ಊರಿನ ಹವೆ ಎಷ್ಟು ಬೇರೆ ಅಂದ್ರೆ ಒಂದು ಕಡೆ ಸರಿ ಅನ್ನಿಸಿದ್ದು ಇನ್ನೊಂದು ಕಡೆ ಗಿಡ ಕೊಲ್ಲತ್ತೆ, ಅದಕ್ಕೇ ಎರಡನ್ನೂ ಬೇರೆ ಬೇರೆ ಹೇಳ್ತೀನಿ.

ಮೊದಲು ಯಾವ ಗಿಡ ಅಂತ ಖಾತ್ರಿ ಮಾಡ್ಕೊಳ್ಳೋಣ

ಸೀತಾಳೆ ಅನ್ನೋ ಹೆಸರನ್ನ ಮಲೆನಾಡಲ್ಲಿ ಒಂದಕ್ಕಿಂತ ಹೆಚ್ಚು ಜಾತಿ ಆರ್ಕಿಡ್‌ಗೆ ಕರೀತಾರೆ. ನಾನು ಹೇಳ್ತಿರೋದು ನರಿ ಬಾಲದ ಹಾಗೆ ದಟ್ಟವಾಗಿ ಹೂ ತುಂಬಿ ಕೆಳಗೆ ಇಳಿಬೀಳತ್ತಲ್ಲ, ಬಿಳಿ ಹೂವಿನ ಮೇಲೆ ನೇರಳೆ ಗುಲಾಬಿ ಚುಕ್ಕೆ ಇರೋದು, ನರ್ಸರಿಯಲ್ಲಿ ಫಾಕ್ಸ್‌ಟೇಲ್ ಆರ್ಕಿಡ್ ಅಂತಾರೆ, ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ಒಂದೊಂದು ಗೊಂಚಲು ಒಂದರಿಂದ ಎರಡು ಅಡಿ ಉದ್ದ, ಅದರಲ್ಲಿ ನೂರಕ್ಕೂ ಹೆಚ್ಚು ಹೂ ಇರಬಹುದು. ದಾರ ಇಲ್ಲದೆ ಪೋಣಿಸಿದ ದಂಡೆ, ಹಾಗೇ ಜಡೆಗೆ ಮುಡಿಯಬಹುದು, ಅದಕ್ಕೇ ಆ ಹೆಸರು. ಅಸ್ಸಾಂ ಹೆಣ್ಣುಮಕ್ಕಳು ಬಿಹು ಕುಣಿಯುವಾಗ ತುರುಬಿಗೆ ಮುಡಿಯೋದೂ ಇದೇ ಹೂ, ಅಲ್ಲಿ ಕೊಪೌ ಫೂಲ್ ಅಂತಾರೆ, ಅಸ್ಸಾಂ ಮತ್ತೆ ಅರುಣಾಚಲ ಎರಡಕ್ಕೂ ರಾಜ್ಯದ ಹೂವು ಇದು.

ಹೂ ಇಲ್ಲದಾಗ ಗುರುತು ಹಿಡಿಯೋಕೆ ಎಲೆ ನೋಡಿ. ದಪ್ಪ, ಉದ್ದ, ನಡುವೆ ದೋಣಿ ಥರ ಮಡಿಚಿದ ಎಲೆ, ಉದ್ದಕ್ಕೆ ತೆಳು ಬಣ್ಣದ ಗೆರೆ ಗೆರೆ, ತುದಿ ಯಾರೋ ಹಲ್ಲಲ್ಲಿ ಕಚ್ಚಿದ ಹಾಗೆ ಕಚ್ಚು ಕಚ್ಚು (ರೆಟ್ಯೂಸಾ ಅನ್ನೋ ಪದಕ್ಕೆ ಅರ್ಥವೇ ಆ ಕಚ್ಚು). ಏರಿಡಿಸ್ ಅಂತ ಇನ್ನೊಂದು ಜಾತಿ ಇದೆ, ನಮ್ಮ ಕಡೆ ಅದನ್ನೂ ಸೀತಾಳೆ ಅಂತಾರೆ, ಅದರ ಹೂ ಸ್ವಲ್ಪ ಬಿಡಿ ಬಿಡಿ, ವಾಸನೆ ಜೋರು, ಹೂವಿನ ಹಿಂದಿನ ಕೊಂಬು ಮುಂದಕ್ಕೆ ಬಾಗಿರತ್ತೆ. ಆರೈಕೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ತಲೆ ಕೆಡಿಸ್ಕೋಬೇಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಇದು ಬಂದಳಿಕೆ ಅಲ್ಲ! ಬಂದಳಿಕೆ ಮರದ ಒಳಗೆ ಬೇರು ಇಳಿಸಿ ರಸ ಹೀರತ್ತೆ, ಸೀತಾಳೆ ತೊಗಟೆ ಮೇಲೆ ಬರೀ ಅಂಟಿಕೊಂಡು ಕೂತಿರತ್ತೆ, ಮಳೆ ನೀರು, ಇಬ್ಬನಿ, ತೊಗಟೆ ಮೇಲೆ ಸೇರೋ ಎಲೆ ಧೂಳು ಇಷ್ಟೇ ಅದರ ಊಟ. ಮಾವಿನ ಮರದ ಬಂದಳಿಕೆ ಕಡಿಸುವಾಗ ಕೆಲಸದವರು ಇದನ್ನೂ ಸೇರಿಸಿ ಕೆತ್ತಿ ಎಸೆಯೋದನ್ನ ನಾನೇ ಕಣ್ಣಾರೆ ನೋಡಿದೀನಿ, ಮರ ಹತ್ತಿಸೋಕೆ ಮುಂಚೆ ಯಾವುದು ಬಿಡಬೇಕು ಅಂತ ತೋರಿಸಿಬಿಡಿ.

ಗಿಡ ಎಲ್ಲಿಂದ ತರೋದು

ಕಾಡಿಂದ ತರಬೇಡಿ. ಮೀಸಲು ಅರಣ್ಯದಿಂದ ಅನುಮತಿ ಇಲ್ಲದೆ ಗಿಡ ಕೀಳೋದು ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ, ಆರ್ಕಿಡ್‌ಗಳೆಲ್ಲ ಸೈಟಿಸ್ (ಅಳಿವಿನ ಅಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ) ಒಪ್ಪಂದದ ಪಟ್ಟಿಯಲ್ಲಿವೆ ಅನ್ನೋದು ಒಂದು ಕಡೆ, ಅದಕ್ಕಿಂತ ನೇರ ಕಾರಣ ಏನಂದ್ರೆ ಕಾಡಿನ ಗಿಡ ಬದುಕಲ್ಲ. ಇಪ್ಪತ್ತು ವರ್ಷದಿಂದ ಒಂದು ಕೊಂಬೆ ಮೇಲೆ ಬೇರು ಹರಡಿಕೊಂಡಿದ್ದನ್ನ ಕಿತ್ತಾಗ ಮುಕ್ಕಾಲು ಬೇರು ಕೊಂಬೆಯಲ್ಲೇ ಉಳಿಯತ್ತೆ, ಎಲೆ ಮಾತ್ರ ದಪ್ಪ ದಪ್ಪ ಚೆನ್ನಾಗಿ ಕಾಣತ್ತೆ, ತಗೊಂಡವರು ಖುಷಿ ಪಡ್ತಾರೆ, ಆರು ತಿಂಗಳು ಎಲೆಯಲ್ಲಿರೋ ನೀರಲ್ಲೇ ಜೀವ ಹಿಡಿದು ಆಮೇಲೆ ಸುಕ್ಕಾಗಿ ಹೋಗತ್ತೆ.

ರಸ್ತೆ ಬದಿ, ಸಂತೆಯಲ್ಲಿ ಕಟ್ಟು ಕಟ್ಟಾಗಿ ಮಾರೋದೆಲ್ಲ ಹೆಚ್ಚಾಗಿ ಈ ಥರದ್ದೇ. ಗುರುತು ಸುಲಭ: ಬೇರು ತುಂಡಾಗಿರತ್ತೆ, ಅದಕ್ಕೆ ತೊಗಟೆ ಚೂರು ಅಂಟಿರತ್ತೆ, ಎಲೆ ಮೇಲೆ ಪಾಚಿ ಕಲೆ, ಒಂದು ಗಿಡದ ಹಾಗೆ ಇನ್ನೊಂದಿಲ್ಲ. ನರ್ಸರಿ ಗಿಡ ಆದ್ರೆ ಎಲ್ಲ ಒಂದೇ ವಯಸ್ಸಿನದು, ಸಣ್ಣ ಬುಟ್ಟಿಯಲ್ಲೋ ನೆಟ್ ಪಾಟಲ್ಲೋ ಬೇರು ಹೊರಗೆ ಚಾಚಿ ಕೂತಿರತ್ತೆ. ಲಾಲ್‌ಬಾಗ್‌ನಲ್ಲಿ ಜನವರಿ 26 ಮತ್ತೆ ಆಗಸ್ಟ್ 15ರ ಹೊತ್ತಿಗೆ ನಡೆಯೋ ಫ್ಲವರ್ ಶೋ ಟೈಮಲ್ಲಿ ಆರ್ಕಿಡ್ ಮಾರೋರು ಸಿಕ್ತಾರೆ, ಆದ್ರೆ ಅಲ್ಲಿ ಹೆಚ್ಚಿಗೆ ಥಾಯ್ಲೆಂಡ್ ಡೆಂಡ್ರೋಬಿಯಂ, ಫಲನಾಪ್ಸಿಸ್ ಇರತ್ತೆ, ಸೀತಾಳೆ ಬೇಕು ಅಂತ ಕೇಳಿ ಹುಡುಕಬೇಕು. ಊರಲ್ಲಿ ಸ್ವಂತ ತೋಟ ಇದ್ದವರಿಗೆ ಗಾಳಿ ಮಳೆಗೆ ಬಿದ್ದ ಕೊಂಬೆ ಮೇಲಿನ ಗಿಡ ಸಿಗತ್ತೆ, ಅದನ್ನ ಕೀಳಬೇಡಿ, ಕೊಂಬೆ ತುಂಡನ್ನೇ ಗರಗಸದಲ್ಲಿ ಕುಯ್ದು ಗಿಡದ ಸಮೇತ ನೇತು ಹಾಕಿ. ನನ್ನ ಹನ್ನೊಂದರಲ್ಲಿ ನಾಲ್ಕು ಹಾಗೆ ಬಂದಿದ್ದು.

ತಗೊಳ್ಳುವಾಗ ಹೂ ನೋಡಿ ಮರುಳಾಗಬೇಡಿ, ಬೇರು ನೋಡಿ. ಮೂರು ನಾಲ್ಕಾದ್ರೂ ಪೆನ್ಸಿಲ್ ದಪ್ಪದ ಗಟ್ಟಿ ಬೇರು ಇರಬೇಕು, ಒತ್ತಿದ್ರೆ ಮೆತ್ತಗಾಗಬಾರದು, ಒಂದೆರಡಕ್ಕಾದ್ರೂ ಹಸಿರು ತುದಿ ಇದ್ರೆ ಬೆಸ್ಟ್. ಎಂಟು ಇಂಚಿನ ಎಲೆ ಇದ್ದು ಬೇರಿಲ್ಲದ ಗಿಡಕ್ಕಿಂತ ಮೂರು ಇಂಚಿನ ಮರಿಗೆ ಒಳ್ಳೇ ಬೇರಿದ್ರೆ ಅದೇ ಲಾಭ.

ಬೇರು ಏನು ಹೇಳತ್ತೆ

ಈ ಒಂದು ವಿಷಯ ಗೊತ್ತಾದ್ರೆ ಮಿಕ್ಕಿದ್ದೆಲ್ಲ ನೀವೇ ಕಲೀತೀರಿ. ಸೀತಾಳೆ ಬೇರಿನ ಮೇಲೆ ಸ್ಪಂಜಿನ ಥರ ಒಂದು ಬಿಳೀ ಪದರ ಇದೆ, ವೆಲಾಮೆನ್ ಅಂತಾರೆ, ಅದು ಸತ್ತ ಜೀವಕೋಶದ ಪದರ, ನೀರು ಬಿದ್ದ ತಕ್ಷಣ ಹೀರಿಕೊಂಡು ಒಳಗೆ ಕಳಿಸತ್ತೆ. ಒಣಗಿದಾಗ ಬೆಳ್ಳಗೆ ಬೂದಿ ಬಣ್ಣ, ನೀರು ಕುಡಿದಾಗ ಒಳಗಿನ ಹಸಿರು ಕಾಣಿಸಿ ಬೇರು ಹಸಿರಾಗತ್ತೆ. ಅಂದ್ರೆ ಮೀಟರ್ ಗಿಡದಲ್ಲೇ ಇದೆ! ಬಿಳಿ ಇದ್ರೆ ಬಾಯಾರಿದೆ, ಹಸಿರಿದ್ರೆ ಬೇಡ, ಕಂದು ಮೆತ್ತಗೆ ಆಗಿದ್ರೆ ಕೊಳೆತಿದೆ. ಆ ಹಸಿರು ಎಲೆ ಮಾಡೋ ಕೆಲಸವನ್ನೂ ಸ್ವಲ್ಪ ಮಾಡತ್ತೆ, ಹಾಗಾಗಿ ಬೇರಿಗೆ ಬೆಳಕೂ ಬೇಕು ಗಾಳಿಯೂ ಬೇಕು, ಮಣ್ಣಲ್ಲಿ ಮುಚ್ಚಿದ್ರೆ ಎರಡೂ ತಪ್ಪಿಹೋಗತ್ತೆ. ಒದ್ದೆ ಆಗಬೇಕು, ಕೆಲವು ಗಂಟೆಯಲ್ಲಿ ಒಣಗಬೇಕು, ಮತ್ತೆ ಒದ್ದೆ ಆಗಬೇಕು. ಈ ಲಯ ತಪ್ಪಿದ್ರೆ ಯಾವ ಗೊಬ್ಬರವೂ ಉಳಿಸಲ್ಲ.

ಬೇರಿನ ತುದಿಯಲ್ಲಿ ಹೊಳೆಯೋ ಹಸಿರು ಅಥವಾ ನಸುಗೆಂಪು ಮೊನೆ ಇದ್ರೆ ಗಿಡ ಬೆಳೀತಿದೆ ಅಂತ. ತುದಿಯವರೆಗೂ ಬಿಳಿ ಮುಚ್ಚಿಕೊಂಡಿದ್ರೆ ನಿದ್ದೆ ಮಾಡ್ತಿದೆ. ನಿದ್ದೆ ಮಾಡೋ ಗಿಡಕ್ಕೆ ಜಾಗ ಬದಲಿಸೋದು, ಗೊಬ್ಬರ ಸುರಿಯೋದು ಯಾವುದೂ ಬೇಡ.

ಮರಕ್ಕೆ ಕಟ್ಟೋ ಕ್ರಮ

ಜಾಗ ಇದ್ದವರಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ, ಬುಟ್ಟಿ ಗಿಟ್ಟಿ ಎಲ್ಲ ನಮ್ಮಂಥ ಬಾಲ್ಕನಿ ಪಾಪಿಗಳಿಗೆ.

ಮರ ಆರಿಸುವಾಗ ತೊಗಟೆ ಮುಟ್ಟಿ ನೋಡಿ. ಒರಟಾಗಿ, ಉದುರದ ಹಾಗಿರಬೇಕು. ಹಲಸು, ಮಾವು, ಹೆಬ್ಬಲಸು, ನೇರಳೆ ಎಲ್ಲ ಚೆನ್ನ, ಕಾಫಿ ತೋಟದವರಿಗೆ ನೆರಳಿನ ಮರ ಹೇಗೂ ಇದ್ದೇ ಇರತ್ತೆ. ಹೆಬ್ಬಲಸಿನ ಕಥೆ ಹಳೇದು, 1678ರಿಂದ 1693ರವರೆಗೆ 12 ಸಂಪುಟದಲ್ಲಿ ಅಚ್ಚಾದ, ಮಲಬಾರಿನ ಗಿಡಗಳ ಪುಸ್ತಕ ಹೋರ್ಟಸ್ ಮಲಬಾರಿಕಸ್‌ನಲ್ಲಿ ಸೀತಾಳೆಯ ಹೆಸರೇ ಅಂಜಿಲಿ ಮರವಾರ ಅಂತ, ಅಂಜಿಲಿ ಅಂದ್ರೆ ಮಲಯಾಳದಲ್ಲಿ ನಮ್ಮ ಹೆಬ್ಬಲಸು. ಪೇರಲೆ, ನೀಲಗಿರಿ ಬೇಡ, ತೊಗಟೆ ಸುಲಿದು ಬೀಳುವಾಗ ಗಿಡವೂ ಜೊತೆಗೇ ಬೀಳತ್ತೆ. ಅಡಿಕೆ ಮರಕ್ಕೂ ಹಿಡಿಯತ್ತೆ ಆದ್ರೆ ಅದರ ತಕರಾರು ಬೇರೆ ಇದೆ, ಕೊಳೆರೋಗದ ಜಾಗದಲ್ಲಿ ಹೇಳ್ತೀನಿ.

ಕಟ್ಟೋ ಟೈಮು ಹೂ ಮುಗಿದ ಮೇಲೆ, ಅಂದ್ರೆ ಮೃಗಶಿರ ಆರಿದ್ರಾ ಮಳೆ ಹೊತ್ತು, ಜೂನ್. ಆಗ ಹೊಸ ಬೇರು ಹೊರಡತ್ತೆ, ಮಳೆಗಾಲ ಪೂರ್ತಿ ಅಂಟಿಕೊಳ್ಳೋಕೆ ಸಿಗತ್ತೆ. ನವೆಂಬರಲ್ಲಿ ಕಟ್ಟಿದ ಗಿಡ ಬೇಸಿಗೆ ಮುಗಿಯೋವರೆಗೂ ಸುಮ್ಮನೆ ಜೋತಾಡ್ತಾ ಇರತ್ತೆ, ನನಗೆ ಎರಡು ಸಲ ಆಗಿದೆ.

ಸತ್ತ ಬೇರನ್ನ ಬ್ಲೇಡಲ್ಲಿ ಕತ್ತರಿಸಿ ತೆಗೀರಿ (ಬ್ಲೇಡನ್ನ ಮೊದಲು ಸ್ಟವ್ ಬೆಂಕಿಯಲ್ಲಿ ಕಾಯಿಸಿಕೊಳ್ಳಿ), ಜೀವ ಇರೋದು ಎಷ್ಟು ಡೊಂಕಾಗಿದ್ರೂ ಮುಟ್ಟಬೇಡಿ. ಗಿಡವನ್ನ ಹತ್ತು ನಿಮಿಷ ನೀರಲ್ಲಿ ನೆನೆಸಿದ್ರೆ ಬೇರು ಸ್ವಲ್ಪ ಬಾಗತ್ತೆ, ಒಣಗಿದ್ದಾಗ ಬಗ್ಗಿಸಿದ್ರೆ ಟಕ್ ಅಂತ ಮುರಿಯತ್ತೆ. ಆಮೇಲೆ ಕಾಂಡದ ಪೂರ್ವ ಅಥವಾ ಈಶಾನ್ಯ ಮುಖ ನೋಡಿ, ಬೆಳಗಿನ ಬಿಸಿಲು ಬೀಳೋ ಕಡೆ, ಏಣಿ ಇಲ್ಲದೆ ಕೈಗೆ ಸಿಗೋ ಎತ್ತರದಲ್ಲಿ, ಗಿಡದ ತಲೆ ಸ್ವಲ್ಪ ಹೊರಕ್ಕೆ ಓರೆಯಾಗೋ ಹಾಗೆ ಇಟ್ಟು ಕಟ್ಟಿ. ಈ ಓರೆ ತುಂಬಾ ಮುಖ್ಯ. ಎಲೆಗಳು ಸೇರೋ ನಡುವಿನ ಸುಳಿಯಲ್ಲಿ ನೀರು ನಿಂತ್ರೆ ಸುಳಿ ಕೊಳೆಯತ್ತೆ, ಸೀತಾಳೆಗೆ ಇರೋದು ಒಂದೇ ಕಾಂಡ ಒಂದೇ ಸುಳಿ, ಅದು ಹೋದ್ರೆ ಬುಡದಿಂದ ಮರಿ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಹಾಗಾಗಿ ಓರೆ ಇಟ್ಟು, ಮಳೆ ನೀರು ಜಾರಿ ಹೋಗೋ ಹಾಗೆ.

ಕಟ್ಟೋಕೆ ಹಳೇ ಕಾಟನ್ ಸೀರೆ ಅಂಚು, ತೆಂಗಿನ ನಾರಿನ ಹಗ್ಗ ಸಾಕು, ವರ್ಷ ಎರಡು ವರ್ಷಕ್ಕೆ ಅದು ಕೊಳೆತು ಬೀಳೋ ಹೊತ್ತಿಗೆ ಬೇರು ಹಿಡಿದಿರತ್ತೆ. ತಂತಿ ಬೇಡ, ತಾಮ್ರದ ತಂತಿಯಂತೂ ಬೇಡವೇ ಬೇಡ. ಗಿಡ ಅಲ್ಲಾಡಬಾರದು, ಅಲ್ಲಾಡಿದ್ರೆ ಹೊಸ ಬೇರಿನ ಮೊನೆ ತೊಗಟೆಗೆ ಉಜ್ಜಿ ಉಜ್ಜಿ ಸಾಯತ್ತೆ.

ಬೇರಿನ ಕೆಳಗೆ ತೆಂಗಿನ ಸಿಪ್ಪೆ ಇಡಬೇಕಾ ಅಂತ ಎಲ್ಲರೂ ಕೇಳ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ, ಬೆಂಗಳೂರಲ್ಲಿ 1,000ದ ಆಸುಪಾಸು, ಇಬ್ಬರಿಗೂ ಒಂದೇ ಉತ್ತರ ಹೇಗೆ ಕೊಡೋದು? ಮಲೆನಾಡು ಕರಾವಳಿಯವರು ಏನೂ ಇಡಬೇಡಿ, ಬರೀ ತೊಗಟೆ, ಸಿಪ್ಪೆ ಇಟ್ರೆ ಮೂರು ತಿಂಗಳು ಹಿಂಡಿದ್ರೆ ನೀರು ಬರೋ ಹಾಗೇ ಇರತ್ತೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರು ಅಂಗೈ ಅಗಲದ ಒಂದು ತುಂಡು ಇಡಿ, ಇಡೋಕೆ ಮುಂಚೆ ಎರಡು ಮೂರು ದಿನ ನೀರು ಬದಲಿಸಿ ನೆನೆಸಿ ಅದರ ಕಂದು ಬಣ್ಣ, ಉಪ್ಪು ಎಲ್ಲ ಬಿಡಿಸಿ.

ಮರ ಇಲ್ಲದವರಿಗೆ ಬುಟ್ಟಿ

ತೇಗದ ಪಟ್ಟಿಯ ಬುಟ್ಟಿ, ಇಲ್ಲಾಂದ್ರೆ ಸುತ್ತ ತೂತಿರೋ ಪ್ಲಾಸ್ಟಿಕ್ ಪಾಟು. ಗಿಡಕ್ಕಿಂತ ದೊಡ್ಡದು ಬೇಡ, ಆರು ಇಂಚು ಸಾಕು, ಬೇರು ಹೇಗೂ ಹೊರಗೆ ಬಂದು ಗಾಳಿಯಲ್ಲಿ ಜೋತು ಬೀಳತ್ತೆ, ಬೀಳಲಿ, ಅದನ್ನ ಒಳಗೆ ತುರುಕೋಕೆ ಹೋಗಬೇಡಿ. ಒಳಗೆ ಹಾಕೋದು ಇದ್ದಿಲು ಮತ್ತೆ ಹೆಂಚಿನ ಚೂರು, ನೆಲ್ಲಿಕಾಯಿ ಗಾತ್ರಕ್ಕಿಂತ ಸಣ್ಣದು ಬೇಡ, ಅದನ್ನ ತೊಳೆದು ಒಂದು ರಾತ್ರಿ ನೆನೆಸಿಟ್ಟು ಉಪಯೋಗಿಸಿ. ಹಳೇ ಮಂಗಳೂರು ಹೆಂಚು ಒಡೆದು ಹಾಕಿದ್ರೆ ನೀರು ಹೀರಿ ನಿಧಾನ ಬಿಡತ್ತೆ, ದುಡ್ಡೂ ಇಲ್ಲ. ಮಣ್ಣು, ಕೋಕೋಪಿಟ್, ವರ್ಮಿಕಾಂಪೋಸ್ಟ್ ಒಂದು ಚಿಟಿಕೆಯೂ ಬೇಡ. ಗಿಡನ ನಡುವಲ್ಲಿ ಕೂರಿಸಿ, ಬುಡ ಇದ್ದಿಲಿನ ಮೇಲಿರಲಿ, ಹೂಳಬಾರದು, ಅಲ್ಲಾಡದ ಹಾಗೆ ಎರಡು ಕಡ್ಡಿ ಕೊಟ್ಟು ಕಟ್ಟಿ.

ಒಂದು ಸಲ ಕೂರಿಸಿದ ಮೇಲೆ ವರ್ಷ ವರ್ಷ ಬದಲಿಸೋ ಚಟ ಬೇಡ. ಈ ಜಾತಿಗೆ ಬೇರು ಅಲುಗಾಡಿಸಿದ್ರೆ ಕೋಪ, ಒಂದೆರಡು ವರ್ಷ ಹೂವೇ ಬಿಡಲ್ಲ. ಬುಟ್ಟಿ ಮುರಿದ್ರೆ ಹಳೇ ಬುಟ್ಟಿ ಸಮೇತ ಇನ್ನೊಂದು ದೊಡ್ಡ ಬುಟ್ಟಿಯೊಳಗೆ ಇಟ್ಟುಬಿಡಿ.

ಬೆಳಕು

ಹೂ ಬರ್ತಿಲ್ಲ ಅನ್ನೋರಲ್ಲಿ ಹತ್ತಕ್ಕೆ ಎಂಟು ಜನ ಗಿಡನ ಕತ್ತಲಲ್ಲಿ ಇಟ್ಟಿರ್ತಾರೆ, ಇದು ನನ್ನ ಅಂದಾಜಷ್ಟೇ, ಆದ್ರೆ ಫೋಟೋ ಕಳಿಸಿ ಅಂದಾಗಲೆಲ್ಲ ಕಾಣೋದು ಅದೇ, ಕಡು ಹಸಿರು ಉದ್ದುದ್ದ ಮೆತ್ತನೆ ಎಲೆ, ನೋಡೋಕೆ ಚೆಂದ, ಹೂ ಸೊನ್ನೆ. ಎಲೆ ತಿಳಿ ಹಸಿರು ಇರಬೇಕು, ಗಟ್ಟಿಯಾಗಿರಬೇಕು. ಹಳದಿಗೆ ತಿರುಗಿ ಕೆಂಪು ಕಂದು ಚುಕ್ಕೆ ಬಂದ್ರೆ ಬಿಸಿಲು ಜಾಸ್ತಿ ಆಯ್ತು, ನಡುವಲ್ಲಿ ಒಣಗಿದ ಬಿಳಿ ಮಚ್ಚೆ ಆದ್ರೆ ಸುಟ್ಟೇ ಹೋಯ್ತು ಅಂತ, ಆ ಮಚ್ಚೆ ಮತ್ತೆ ಹೋಗಲ್ಲ.

ಬೆಳಿಗ್ಗೆ ಹತ್ತರವರೆಗೆ ನೇರ ಬಿಸಿಲು, ಆಮೇಲೆ ಸೋಸಿದ ಬೆಳಕು, ಇದು ಸರಿಯಾದ ಲೆಕ್ಕ. ಟೆರೇಸ್ ಆದ್ರೆ 50 ಪರ್ಸೆಂಟ್ ಶೇಡ್ ನೆಟ್ ಹಾಕಿ. ಪಶ್ಚಿಮದ ಬಾಲ್ಕನಿ ಇರೋರು ಮಾರ್ಚ್ ಏಪ್ರಿಲಲ್ಲಿ ಹುಷಾರು, ಗೋಡೆಯ ಕಾವಿಗೇ ಬೇರು ಬೇಯತ್ತೆ, ಗೋಡೆಯಿಂದ ಒಂದಡಿ ಈಚೆ ನೇತು ಹಾಕಿ. ಮನೆ ಒಳಗೆ ಹಾಲಲ್ಲಿ ಇಡಬಹುದಾ ಅಂದ್ರೆ ಹೂ ಬಿಟ್ಟಾಗ ನಾಲ್ಕು ದಿನ ಇಡಿ, ನೆಂಟರಿಗೆ ತೋರಿಸಿ, ವಾಪಸ್ ಹೊರಗೆ.

ನೀರು

ಇಲ್ಲಿ ಗಂಟೆ ನಿಮಿಷದ ಲೆಕ್ಕ ಕೊಡೋರನ್ನ ನಂಬಬೇಡಿ, ಬೇರಿನ ಬಣ್ಣ ನೋಡಿ. ಆದ್ರೂ ನಾನು ಮಾಡೋದು ಹೇಳ್ತೀನಿ.

ಬೆಂಗಳೂರಲ್ಲಿ ಮಾರ್ಚಿಂದ ಮೇವರೆಗೆ ದಿನಾ ಬೆಳಿಗ್ಗೆ ಬೇರು ಪೂರ್ತಿ ಹಸಿರಾಗೋವರೆಗೆ ಸ್ಪ್ರೇ, ಒಂದು ಸಲ ಚುಯ್ ಅಂತ ಹೊಡೆದು ಬಂದ್ರೆ ಆಗಲ್ಲ, ಒಮ್ಮೆ ಒದ್ದೆ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಭಾನುವಾರ ಬಕೆಟಲ್ಲಿ ಬುಟ್ಟಿ ಸಮೇತ ಹತ್ತು ನಿಮಿಷ ಮುಳುಗಿಸ್ತೀನಿ, ಸುಳಿಗೆ ನೀರು ಹೋಗದ ಹಾಗೆ. ತೀರಾ ಒಣ ದಿನ ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ಬರೀ ಬೇರಿಗೆ, ಕತ್ತಲಾಗೋ ಮುಂಚೆ ಎಲೆ ಒಣಗಿರಬೇಕು. ಮಳೆಗಾಲದಲ್ಲಿ ಮಳೆ ಬಂದ ದಿನ ಏನೂ ಇಲ್ಲ. ಡಿಸೆಂಬರ್ ಜನವರಿ ವಾರಕ್ಕೆ ಎರಡು ಸಲ ಸಾಕು, ಬಿಸಿಲು ಬಂದ ಮೇಲೆ ಒಂಬತ್ತು ಹತ್ತು ಗಂಟೆಗೆ. ಈ ಚಳಿಗಾಲದ ಒಣ ವಿಶ್ರಾಂತಿ ಕೊಡದೆ ವರ್ಷವಿಡೀ ಒಂದೇ ಸಮ ನೀರು ಹಾಕೋರ ಗಿಡ ಎಲೆ ಮೇಲೆ ಎಲೆ ಬಿಡ್ತಾ ಹೋಗತ್ತೆ, ಹೂ ಕಮ್ಮಿ.

ಊರಿನ ಹಲಸಿನ ಮರದ ಗಿಡಗಳಿಗೆ ಮೊದಲ ಬೇಸಿಗೆಯಲ್ಲಿ ಮಾತ್ರ ಮನೆಯವರು ಪೈಪ್ ಹಿಡೀತಾರೆ, ವಾರಕ್ಕೆ ಎರಡು ಮೂರು ಸಲ. ಆಮೇಲೆ ಅದು ಉಂಟು, ಇಬ್ಬನಿ ಉಂಟು.

ನೀರು ಎಂಥದ್ದು ಅನ್ನೋದೂ ಲೆಕ್ಕ. ನಮ್ಮ ಅಪಾರ್ಟ್‌ಮೆಂಟಿನ ಬೋರ್ ನೀರು ಎಷ್ಟು ಗಡಸು ಅಂದ್ರೆ ಆರು ತಿಂಗಳಲ್ಲಿ ಬೇರಿನ ಮೇಲೆ ಬಿಳಿ ಹಕ್ಕಳೆ ಕಟ್ಟಿ ಮೊನೆಯೆಲ್ಲ ಕಪ್ಪಾಗಿತ್ತು, ನಾನು ರೋಗ ಅಂದ್ಕೊಂಡು ಔಷಧಿ ಹೊಡೆದಿದ್ದೇ ಹೊಡೆದಿದ್ದು. ಮಳೆ ನೀರು ಡ್ರಮ್ಮಲ್ಲಿ ಹಿಡಿದಿಟ್ಟುಕೊಳ್ಳಿ, ಮುಚ್ಚಳ ಹಾಕಿ, ಇಲ್ಲಾಂದ್ರೆ ಸೊಳ್ಳೆ. ಎಸಿಯಿಂದ ಇಳಿಯೋ ನೀರನ್ನ ಗಡಸು ನೀರಿಗೆ ಅರ್ಧಕ್ಕರ್ಧ ಬೆರೆಸಿದ್ರೂ ನಡೆಯತ್ತೆ. ಆರ್‌ಒ ಯಂತ್ರದ ವೇಸ್ಟ್ ನೀರು ಮಾತ್ರ ಹಾಕಬೇಡಿ, ಉಪ್ಪೆಲ್ಲ ಸೇರಿರೋದು ಅದರಲ್ಲೇ.

ಗೊಬ್ಬರ

ಕಮ್ಮಿ ಕೊಡಿ, ಮತ್ತೆ ಮತ್ತೆ ಕೊಡಿ. ಗೊಬ್ಬರದಂಗಡಿಯಲ್ಲಿ ನೀರಲ್ಲಿ ಕರಗೋ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋದು) ಸಿಗತ್ತೆ, ಲೀಟರಿಗೆ ಅರ್ಧ ಗ್ರಾಂ, ಹೆಚ್ಚಂದ್ರೆ ಒಂದು ಗ್ರಾಂ, ಬೇರಿನ ಮೊನೆ ಹಸಿರಿರೋ ತಿಂಗಳುಗಳಲ್ಲಿ ವಾರಕ್ಕೊಮ್ಮೆ. ಮೊದಲು ಬರೀ ನೀರಲ್ಲಿ ಬೇರು ನೆನೆಸಿ, ಆಮೇಲೆ ಗೊಬ್ಬರದ ನೀರು. ಒಣ ಬೇರಿಗೆ ನೇರ ಹೊಡೆದ್ರೆ ಮೊನೆ ಸುಡತ್ತೆ. ತಿಂಗಳಿಗೊಮ್ಮೆ ಬರೀ ನೀರಲ್ಲಿ ಚೆನ್ನಾಗಿ ತೊಳೆದುಬಿಡಿ. ಡಿಸೆಂಬರಿಂದ ನಿಲ್ಲಿಸಿ. ಫೆಬ್ರವರಿಯಲ್ಲಿ ಕೆಲವರು ರಂಜಕ ಜಾಸ್ತಿ ಇರೋ 13:40:13 ಕೊಡ್ತಾರೆ, ನಾನೂ ಎರಡು ವರ್ಷ ಕೊಟ್ಟೆ, ಕೊಡದ ಗಿಡಕ್ಕೂ ಕೊಟ್ಟ ಗಿಡಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣ್ಲಿಲ್ಲ, ಬಿಟ್ಟೆ. ಸಗಣಿ ನೀರು ತಿಳಿ ಮಾಡಿ ಸೋಸಿ ಹಾಕೋರಿದ್ದಾರೆ, ಮರದ ಮೇಲಿನ ಗಿಡಕ್ಕೆ ಪರವಾಗಿಲ್ಲ, ಅಪಾರ್ಟ್‌ಮೆಂಟಲ್ಲಿ ಪಕ್ಕದ ಮನೆಯವರ ಹತ್ರ ಬೈಸ್ಕೋಬೇಕಾಗತ್ತೆ.

ಕೊಳೆ, ಹುಳ, ಮಂಗ

ಮಳೆಗಾಲದ ಶತ್ರು ಕೊಳೆ. ಎಲೆ ಬುಡದಲ್ಲಿ ನೀರು ತುಂಬಿದ ಹಾಗೆ ಕಪ್ಪು ಮಚ್ಚೆ ಎದ್ದು ಎರಡು ಮೂರು ದಿನದಲ್ಲಿ ಹಬ್ಬತ್ತೆ. ಅಡಿಕೆ ಕೊಳೆರೋಗ ತರೋ ಫೈಟೋಫ್ತೊರಾ ಇದೆಯಲ್ಲ, ಆರ್ಕಿಡ್ ಕಪ್ಪುಕೊಳೆಗೂ ಅದರ ಅಣ್ಣತಮ್ಮಂದಿರೇ ಕಾರಣ. ಕಂಡ ದಿನವೇ ಕಾಯಿಸಿದ ಬ್ಲೇಡಲ್ಲಿ ಮಚ್ಚೆಗಿಂತ ಒಂದಿಂಚು ಒಳಗೆ, ಒಳ್ಳೇ ಭಾಗ ಸೇರಿಸಿಯೇ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಮೆತ್ತಿ (ಬೇರಿಗೆ ತಾಗಿಸಬೇಡಿ, ಒಣಗಿಸಿಬಿಡತ್ತೆ), ಒಂದು ವಾರ ಮಳೆ ತಾಗದ ಸೂರಿನಡಿ ಇಡಿ. ಬುಟ್ಟಿ ಗಿಡಗಳನ್ನ ಪುಷ್ಯ ಆಶ್ಲೇಷ ಮಳೆ ಬಿಡದೆ ಹೊಡೆಯೋ ವಾರಗಳಲ್ಲಿ ಸೂರಿನಡಿಗೆ ತಂದ್ರೆ ಅರ್ಧ ಸಮಸ್ಯೆ ಇಲ್ಲ.

ಈಗ ಅಡಿಕೆ ಮರದ ತಕರಾರು. ತೋಟಕ್ಕೆ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೀತೀವಲ್ಲ, ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ ಒಂದು ಕೇಜಿ ಸುಣ್ಣ, ಅದು ಹೊಡೆಯೋದು ಮಳೆಗಾಲದ ಶುರುವಿಗೆ, ಮತ್ತೆ ಒಂದೂವರೆ ತಿಂಗಳಿಗೆ, ಅಂದ್ರೆ ಸರಿಯಾಗಿ ಸೀತಾಳೆ ಹೊಸ ಬೇರು ಬಿಡೋ ಕಾಲ. ಮೇಲಿಂದ ಸೋರಿ ಬಂದ ಮೈಲುತುತ್ತದ ತಾಮ್ರ ಬೇರಿನ ಎಳೇ ಮೊನೆ ಸುಡತ್ತೆ. ಅತ್ತೆ ಮನೆ ಅಂಗಳದ ಪಕ್ಕದ ಸಾಲಿನಲ್ಲಿ ಮೂರು ಮರಕ್ಕೆ ಕಟ್ಟಿದ್ದು ಐದು ವರ್ಷ ಆದ್ರೂ ಕಟ್ಟಿದಷ್ಟೇ ಇದೆ, ಸತ್ತಿಲ್ಲ, ಬೆಳೆದೂ ಇಲ್ಲ, ಅದೇ ದಿನ ಹಲಸಿಗೆ ಕಟ್ಟಿದ್ದು ಮೂರು ಗೊಂಚಲು ಬಿಡತ್ತೆ. ಔಷಧಿ ಹೊಡೆಯೋ ದಿನ ಪ್ಲಾಸ್ಟಿಕ್ ಮುಚ್ಚಬಹುದು, ಅಡಿಕೆ ಮರ ಹತ್ತೋ ಕೊನೆಗಾರನಿಗೆ ಹೇಳಿದ್ರೆ ನಗ್ತಾನೆ, ಹಾಗಾಗಿ ಅಡಿಕೆ ಬಿಟ್ಟು ಬೇರೆ ಮರ ನೋಡೋದೇ ಸುಖ.

ಬಸವನಹುಳು ರಾತ್ರಿ ಬಂದು ಬೇರಿನ ಮೊನೆ, ಹೂವಿನ ಎಳೇ ಕಡ್ಡಿ ಎರಡನ್ನೂ ತಿಂದು ಹೋಗತ್ತೆ, ಬೆಳಿಗ್ಗೆ ಹೊಳೆಯೋ ಅಂಟು ಗೆರೆ ಮಾತ್ರ. ಕೋಸಿನ ಎಲೆ ಅಥವಾ ಸೌತೆ ಸಿಪ್ಪೆ ಬುಡದ ಹತ್ರ ಇಟ್ಟು ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಹೆಕ್ಕೋದೇ ಮದ್ದು. ಉಪ್ಪು ಹಾಕಬೇಡಿ, ಹುಳಕ್ಕಿಂತ ಮೊದಲು ಬೇರು ಸಾಯತ್ತೆ. ಎಲೆ ಸಂದಿಯಲ್ಲಿ ಕಂದು ಹುರುಪೆ ಥರ ಶಲ್ಕ ಕೀಟ, ಬಿಳಿ ಹತ್ತಿ ಥರ ಹಿಟ್ಟು ತಿಗಣೆ ಬಂದ್ರೆ ಸರ್ಜಿಕಲ್ ಸ್ಪಿರಿಟಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಬೇವಿನೆಣ್ಣೆ ಲೀಟರಿಗೆ ಐದು ಎಂಎಲ್, ನಾಲ್ಕು ಹನಿ ಸೋಪ್ ನೀರು ಸೇರಿಸಿ ಸಂಜೆ ಹೊಡೀರಿ. ಮಂಗಕ್ಕೆ ಮಾತ್ರ ನನ್ನ ಹತ್ರ ಮದ್ದಿಲ್ಲ.

ಹೂ ಬರೋದು

ಫೆಬ್ರವರಿ ಮಾರ್ಚಲ್ಲಿ ಎಲೆ ಸಂದಿಯಿಂದ ಏನೋ ಒಂದು ಮೊಳಕೆ ಇಣುಕತ್ತೆ, ಬೇರೋ ಹೂವೋ ಗೊತ್ತಾಗಲ್ಲ. ಉರುಟಾಗಿ ನುಣ್ಣಗೆ ಇದ್ರೆ ಬೇರು, ಚಪ್ಪಟೆಯಾಗಿ ತುದಿ ಚೂಪಾಗಿ ಮೇಲೆ ಪುಟ್ಟ ಪುಟ್ಟ ಸಿಪ್ಪೆ ಇದ್ರೆ ಹೂ. ಅದು ಕಂಡ ಮೇಲೆ ಗಿಡನ ತಿರುಗಿಸಬೇಡಿ, ಬೆಳಕಿನ ದಿಕ್ಕು ಬದಲಾದ್ರೆ ಗೊಂಚಲು ಸೊಟ್ಟ ಆಗತ್ತೆ, ಕೆಳಗೆ ಇಳಿಬೀಳೋಕೆ ಎರಡಡಿ ಖಾಲಿ ಜಾಗ ಇರಲಿ. ನೀರು ತಪ್ಪಿಸಬೇಡಿ, ಆದ್ರೆ ಅರಳಿದ ಹೂ ಮೇಲೆ ಹೊಡೀಬೇಡಿ, ಕಂದು ಚುಕ್ಕೆ ಬೀಳತ್ತೆ. ನಮ್ಮಲ್ಲಿ ಮೇ ಜೂನಲ್ಲಿ ಅರಳತ್ತೆ, ಎರಡರಿಂದ ಮೂರು ವಾರ ಇರತ್ತೆ. ನರ್ಸರಿ ಮರಿ ತಂದವರು ಮೂರು ನಾಲ್ಕು ವರ್ಷ ಕಾಯಬೇಕಾದೀತು, ಇದು ಅವಸರದವರ ಗಿಡ ಅಲ್ಲ.

ಬೀಜದಿಂದ ಮಾಡಬಹುದಾ? ಮನೆಯಲ್ಲಿ ಆಗಲ್ಲ. ಒಂದು ಕಾಯಿಯಲ್ಲಿ ಧೂಳಿನಂಥ ಬೀಜ ಲೆಕ್ಕ ಇಲ್ಲದಷ್ಟು, ಆದ್ರೆ ಒಂದರಲ್ಲೂ ಊಟದ ಬುತ್ತಿ ಇಲ್ಲ, ಕಾಡಲ್ಲಿ ಒಂದು ಜಾತಿ ಶಿಲೀಂಧ್ರ ಬಂದು ಊಟ ಕೊಟ್ರೆ ಮಾತ್ರ ಮೊಳಕೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರ ಇಲ್ಲದೇ ಮೊಳಕೆ ಬರಿಸೋ ದಾರಿ ತೋರಿಸಿದ, ಈಗ ಲ್ಯಾಬಲ್ಲಿ ಬಾಟಲಿಯೊಳಗೆ ಮಾಡೋದು ಅದನ್ನೇ. ನಮಗೆ ಸಿಗೋದು ಹಳೇ ಗಿಡದ ಬುಡದಲ್ಲಿ ಅಪರೂಪಕ್ಕೆ ಬರೋ ಮರಿ, ಅದಕ್ಕೆ ಸ್ವಂತ ಬೇರು ಮೂರಾದ್ರೂ ಬಂದು ಅರ್ಧ ಅಡಿ ಆಗೋವರೆಗೆ ತಾಯಿ ಜೊತೆಗೇ ಬಿಡಿ. ನಾನಂತೂ ಬಿಡಿಸೋದೇ ಇಲ್ಲ, ಒಂದೇ ಗುಂಪಲ್ಲಿ ನಾಲ್ಕು ಗೊಂಚಲು ಇಳಿಬಿದ್ದಾಗ ನೋಡೋ ಚೆಂದವೇ ಬೇರೆ.

ಮುಡಿಯೋಕೆ ಬೇಕು ಅಂದ್ರೆ ತುದಿಯ ಮೊಗ್ಗೂ ಅರಳಿ ನಾಲ್ಕೈದು ದಿನ ಆದ ಮೇಲೆ ಬುಡದಿಂದ ಅರ್ಧ ಇಂಚು ಬಿಟ್ಟು ಕತ್ತರಿಸಿ, ಗಿಡಕ್ಕೇನೂ ನಷ್ಟ ಇಲ್ಲ. ಗಿಡದಲ್ಲೇ ಬಿಟ್ರೆ ಒಣಗಿದ ಮೇಲೆ ಕಡ್ಡಿ ತೆಗೀರಿ, ಕಾಯಿ ಕಟ್ಟಿದ್ರೆ ಬಲವಾದ ಗಿಡದಲ್ಲಿ ಒಂದೆರಡು ಬಿಡಿ, ಎಳೇ ಗಿಡದಲ್ಲಿ ಚಿವುಟಿಬಿಡಿ, ತಿಂಗಳುಗಟ್ಟಲೆ ಅದನ್ನ ಸಾಕೋ ಶಕ್ತಿ ಅದಕ್ಕಿರಲ್ಲ. ಅಷ್ಟು ಹೊತ್ತಿಗೆ ಆರಿದ್ರಾ ಮಳೆ ಹಿಡಿದಿರತ್ತೆ, ಬುಡದ ಹತ್ರ ಕಣ್ಣಿಟ್ಟು ನೋಡಿ, ಕಡಲೆಕಾಳಿನಷ್ಟು ಹಸಿರು ಮೊನೆ ಸಿಪ್ಪೆ ಸೀಳಿಕೊಂಡು ಹೊರಗೆ ಬಂದಿದ್ರೆ ಅವತ್ತಿಂದ ಗೊಬ್ಬರದ ನೀರು ಮತ್ತೆ ಶುರು ಮಾಡಿ.